ಸುಬೇದಾರರು ಹೇಳಿದ ಮೈಲುತುತ್ತಿನ ಲೆಕ್ಕ

ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಮಿಲಿಟ್ರಿಯಿಂದ ನಿವೃತ್ತರಾಗಿ ಬಂದವರಿಗೆ ಯಾವ ಸಭೆಯಲ್ಲೂ ಮುಂದಿನ ಕುರ್ಚಿ. ಕೊಡಬೇಕಾದದ್ದೇ. ಆದರೆ ಕುರ್ಚಿಯ ಜೊತೆಗೆ ಅಡಿಕೆಯ ಕೊಳೆರೋಗದ ಮದ್ದು, ಚಿಟ್ಟಿಯ (ಚೀಟಿಯ) ವ್ಯವಹಾರ, ಸಕ್ಕರೆ ಕಾಯಿಲೆಯ ಪಥ್ಯ ಎಲ್ಲವನ್ನೂ ಅವರಿಗೇ ಒಪ್ಪಿಸಿಬಿಡುತ್ತೇವೆ. ಅನುಮಾನ ತೋರಿಸದೆ ಮಾತಾಡುವುದು ಸೈನ್ಯದಲ್ಲಿ ಬೇಕಾದ ಗುಣ. ಊರಿನಲ್ಲಿ ನಾವು ಆ ದನಿಯನ್ನೇ ತಿಳಿವಳಿಕೆ ಎಂದು ಲೆಕ್ಕ ಹಾಕುತ್ತೇವೆ.

‘ತುತ್ತು ಅರ್ಧ ಕಿಲೋ ಜಾಸ್ತಿ ಹಾಕಿ, ರೋಗ ಹತ್ತಿರ ಸುಳಿಯುವುದಿಲ್ಲ’ ಎಂದು ಸುಬೇದಾರರೊಬ್ಬರು ಹೇಳಿದ ಮಾತನ್ನೇ ತೆಗೆದುಕೊಳ್ಳಿ. ಕೊಳೆರೋಗಕ್ಕೆ ಗೊನೆಗೆ ಬಿಡುವ ಮದ್ದು ಬೋರ್ಡೋ ದ್ರಾವಣ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, 1 ಕಿಲೋ ಸುಟ್ಟ ಹೊಸ ಸುಣ್ಣ ಇನ್ನೊಂದು 50 ಲೀಟರಿಗೆ. ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಕಬ್ಬಿಣದ ಪಾತ್ರೆಯಾದರೆ ತಾಮ್ರವೆಲ್ಲ ಅದಕ್ಕೇ ಅಂಟುತ್ತದೆ. ತುತ್ತನ್ನು ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ರಾತ್ರಿಯಿಡೀ ತೂಗುಹಾಕಿದರೆ ತಾನೇ ಕರಗಿ ಇಳಿಯುತ್ತದೆ. ಬೆಳಿಗ್ಗೆ ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತ ಕದಡಬೇಕು. ಆಮೇಲೆ ಉಜ್ಜಿದ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಲೇಪ ಕಂಡರೆ ಸುಣ್ಣ ಸಾಲದು, ತಾಮ್ರ ಬಿಡಿಯಾಗಿ ಉಳಿದಿದೆ, ಎಳೆ ಕಾಯಿ ಸುಟ್ಟೀತು. ಲೇಪ ನಿಲ್ಲುವವರೆಗೆ ಸುಣ್ಣದ ನೀರು ಸೇರಿಸಬೇಕು. ಸುಣ್ಣ ಹೆಚ್ಚಿಸದೆ ಸುಬೇದಾರರ ಅರ್ಧ ಕಿಲೋ ಹಾಕಿದರೆ ಆಗುವುದು ಇದೇ.

ಬಹಳ ಸಲ ಕೆಡುವುದು ಸುಣ್ಣದಲ್ಲಿ. ಗಾಳಿಗೆ ತೆರೆದಿಟ್ಟ ಸುಣ್ಣ ಸೀಮೆಸುಣ್ಣದಂತೆ ಸತ್ತು ಹೋಗಿರುತ್ತದೆ, ತೂಕಕ್ಕೆ 1 ಕಿಲೋ ಇದ್ದರೂ ಕೆಲಸಕ್ಕೆ ಇರುವುದಿಲ್ಲ. ಹಾಗಾಗಿ ತಕ್ಕಡಿಗಿಂತ ಕತ್ತಿಯ ಸಾಕ್ಷಿ ದೊಡ್ಡದು. ಕಲಸಿದ್ದನ್ನು ಅಂದೇ ಮುಗಿಸಬೇಕು. ಮರುದಿನಕ್ಕೆ ಕಣ ದಪ್ಪವಾಗಿ ತಳಕ್ಕಿಳಿಯುತ್ತದೆ, ಗೊನೆಗೆ ಹಿಡಿಯುವುದಿಲ್ಲ. ಮೊದಲ ಮದ್ದು ಮಳೆ ಹಿಡಿಯುವ ಮೊದಲು, ಎರಡನೆಯದು 40–45 ದಿನ ಕಳೆದು, ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಬಿಟ್ಟ ಹೊತ್ತು ನೋಡಿ. ಒದ್ದೆ ಗೊನೆಗೆ ಬಿಟ್ಟ ಮದ್ದನ್ನು ಯಾವ ಪ್ರಮಾಣವೂ ಕಾಪಾಡದು.

ಚಿಟ್ಟಿಯ ವಿಷಯ ಇನ್ನೂ ಸರಳ. ಉದ್ಘಾಟನೆಗೆ ಕ್ಯಾಪ್ಟನ್ ಸಾಹೇಬರು ಬಂದದ್ದು ಭದ್ರತೆಯಲ್ಲ. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಆ ಚಿಟ್ಟಿಗೆ ಅನುಮತಿ, ನೋಂದಣಿ ಆಗಿದೆಯೇ ಎಂದು ನೋಡಬೇಕು. ಪಾಪ, ಎಷ್ಟೋ ಸಲ ಅವರಿಗೂ ಅದು ಗೊತ್ತಿರುವುದಿಲ್ಲ, ಕರೆದರು, ದೀಪ ಬೆಳಗಿದರು.

ಹಾಗೆಂದು ಅವರಿಗೆ ಏನೂ ಗೊತ್ತಿಲ್ಲವೆಂದಲ್ಲ. ಯಾವ ವಿಭಾಗದಲ್ಲಿದ್ದಿರಿ, ಅಲ್ಲಿ ಏನು ಕೆಲಸ ಎಂದು ಕೇಳಿ. ಸೈನ್ಯದ ಎಂಜಿನಿಯರ್ ದಳವಾದ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸಿನವರಿಗೆ ಸೇತುವೆ, ಸ್ಫೋಟಕದ ಪಾಠವಿರುತ್ತದೆ. ವೈದ್ಯಕೀಯ ವಿಭಾಗದ ನರ್ಸಿಂಗ್ ಅಸಿಸ್ಟೆಂಟರು ರಕ್ತ ಸೋರುವುದನ್ನು ತಡೆಯಬಲ್ಲರು. ಪಿಂಚಣಿ ಪೋರ್ಟಲ್ ‘ಸ್ಪರ್ಶ್’, ವರ್ಷಕ್ಕೊಮ್ಮೆಯ ಜೀವನ ಪ್ರಮಾಣ ಪತ್ರ, ನಿವೃತ್ತ ಸೈನಿಕರ ಚಿಕಿತ್ಸಾ ಯೋಜನೆಯ ಇಸಿಎಚ್‌ಎಸ್ ಕಾರ್ಡು ಇಂಥವುಗಳಲ್ಲಿ ಅವರ ಅನುಭವವೇ ನಮಗೆ ಸಿಗುವ ಮೊದಲ ಸಹಾಯ. ಆದರೆ ಮುರಕಲ್ಲ ಗುಡ್ಡೆಯಲ್ಲಿ ನೀರು ಎಲ್ಲಿ ಜಿನುಗುತ್ತದೆಂದು ನೀರಿಗಾಗಿ ಗುಡ್ಡಕ್ಕೆ ಅಡ್ಡ ಸುರಂಗ ತೋಡುವ ಬಾಯಾರು ಊರಿನವರನ್ನೇ ಕೇಳಬೇಕು, ಅಡಿಕೆಯ ಸಂಶಯಕ್ಕೆ ಸರಕಾರದ ಕೃಷಿ ಕಚೇರಿಯಾದ ಕೃಷಿಭವನವಿದೆ, 1916ರಿಂದ ಕಾಸರಗೋಡಿನಲ್ಲೇ ಇರುವ ತೋಟದ ಬೆಳೆಗಳ ಸಂಶೋಧನಾ ಕೇಂದ್ರವಿದೆ (ಈಗಿನ ಸಿಪಿಸಿಆರ್‌ಐ).

ಮುಖಕ್ಕೆ ಮುಖ ಕೊಟ್ಟು ‘ನಿಮಗೆ ಗೊತ್ತಿಲ್ಲ’ ಅನ್ನಲು ದಾಕ್ಷಿಣ್ಯವಾದರೆ ಒಂದು ಪ್ರಶ್ನೆ ಸಾಕು: ‘ಸುಬೇದಾರರೇ, ನಿಮ್ಮ ತೋಟಕ್ಕೆ ಈ ಸಲ ಮದ್ದು ಬಿಟ್ಟವರು ಯಾರು?’ ಹೆಸರು ಹೇಳುತ್ತಾರೆ. ಫೋನ್ ನಂಬರನ್ನೂ ಕೇಳಿಕೊಳ್ಳಿ.