ಸವೆದ ಬುಶ್‌ಗೆ ಅಳತೆ ಹಿಡಿದಿದ್ದು

ತುಮಕೂರಿನ ಅಂತರಸನಹಳ್ಳಿಯ ನಮ್ಮ ಶೆಡ್‌ನಲ್ಲಿ 20 ಗನ್‌ಮೆಟಲ್ ಬುಶ್, ಅಂದ್ರೆ ತೂತಿನೊಳಗೆ ಕೂರೋ ಲೋಹದ ಬಳೆ, ಒಂದು ಡಬ್ಬದಲ್ಲಿ ಬಿದ್ದಿವೆ. ಸ್ಕ್ರ್ಯಾಪಿಗೆ ಹಾಕೋಕೆ ನಾನೇ ಬಿಟ್ಟಿಲ್ಲ.

ನೇವಿಯ ಚೇತಕ್ ಹೆಲಿಕಾಪ್ಟರ್ ಎಳೆಯೋ ಟೋ ಬಾರ್‌ಗೆ ಬೇಕಿದ್ದ ಬುಶ್ ಅವು. ಫ್ರೆಂಚರ ಆಲುವೆಟ್-3, 1960ರ ದಶಕದಿಂದ ಇಲ್ಲಿ ಲೈಸೆನ್ಸ್ ಮೇಲೆ ಕಟ್ಟಿದ್ದು. 20 ಪೀಸಿನ ಆರ್ಡರ್‌ಗೆ ಮಷೀನ್ ಸೆಟ್ಟಿಂಗ್ ಖರ್ಚೂ ಗಿಟ್ಟಲ್ಲ. ಆದ್ರೂ ಓನರ್ ಹೂಂ ಅಂದಿದ್ರು.

ಡ್ರಾಯಿಂಗ್ ಅಂತ ಬಂದಿದ್ದು ಜೆರಾಕ್ಸಿನ ಜೆರಾಕ್ಸ್. ಬೋರ್, ಅಂದ್ರೆ ಒಳ ತೂತು, 25 ಮಿ.ಮೀ. ಅಂತ ಕಾಣುತ್ತೆ, ಪಕ್ಕದ ಟಾಲರೆನ್ಸ್ (ಎಷ್ಟು ಹೆಚ್ಚುಕಮ್ಮಿ ನಡೆಯುತ್ತೆ ಅನ್ನೋದು) ಬರೀ ಮಸಿ. ಜೊತೆಗೊಂದು ಹಳೇ ಬುಶ್ ಸ್ಯಾಂಪಲ್. ಬೋರ್ ಗೇಜ್ ಇಟ್ಟೆ, 25.06. ಅಡ್ಡ ತಿರುಗಿಸಿದೆ, 25.10. ಗೇಜೇ ಸರಿಯಿಲ್ಲ ಅಂದ್ಕೊಂಡೆ! ಟಾಲರೆನ್ಸ್ ಟೇಬಲ್ ನೋಡಿದ್ರೆ ಇ9 ಅನ್ನೋ ಸಡಿಲ ದರ್ಜೆಗೆ 25.040ರಿಂದ 25.092. 25.06 ಅದರೊಳಗೆ ಚೆನ್ನಾಗಿ ಕೂತ್ಕೊಂಡ್ತು. ನನ್ನ ತಲೆಗೆ ನಾನೇ ಶಭಾಷ್ ಹೇಳಿ ಮಷೀನಿಗೆ ಪ್ರೋಗ್ರಾಂ ಹಾಕಿದೆ. ಒಂದು ಫೋನ್ ಮಾಡಿ ಕೇಳಬಹುದಿತ್ತು.

ಇನ್‌ಸ್ಪೆಕ್ಷನ್‌ಗೆ ಬಂದವರು ಎಣ್ಣೆ ಬಟ್ಟೆ ಬಿಚ್ಚಿ ಪ್ಲಗ್ ಗೇಜ್ ತೆಗೆದ್ರು. ಒಳಗೆ ಹೋಗ್ಬೇಕಾದ ಗೋ ತುದಿ ಹೋಯ್ತು. ತಿರುಗಿಸಿ, ಹೋಗಬಾರದ ನೋ-ಗೋ ತುದಿ ಇಟ್ರು. ಅದೂ ಸರ್ರನೆ ಇಳೀತು. ಎರಡನೇದು. ಮೂರನೇದು. ಅವರು ಮಾತಾಡ್ತಿಲ್ಲ, ನಾನು ಕಂಪ್ರೆಸರ್ ಕಡೆ ನೋಡ್ತಾ ನಿಂತಿದ್ದೀನಿ. ಆರನೇದಕ್ಕೆ ಗೇಜ್ ಕೆಳಗಿಟ್ರು.

"ಎಚ್7 ಟಾಲರೆನ್ಸ್ ಕಣ್ರೀ ಇದು. 25.021 ದಾಟೋ ಹಾಗಿಲ್ಲ. ಸವೆದು ಮೊಟ್ಟೆ ಆಗಿರೋದನ್ನ ಅಳೆದಿದ್ದೀರಲ್ಲ!"

ಟೀ ತರಿಸಿದೆ, ಇನ್ನೇನು ಮಾಡೋದು. ಮಾತು ಬದಲಾಯಿಸೋಣ ಅಂತ, "ಸಾರ್, ಗುಬ್ಬಿ ಹತ್ರ ಬಿದರೆಹಳ್ಳ ಕಾವಲ್‌ನ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ 2023ರಲ್ಲೇ ಶುರುವಾಯ್ತು. ಅಲ್ಲಿನ ಹಗುರ ಹೆಲಿಕಾಪ್ಟರ್ ಎಲ್‌ಯುಎಚ್ಚೇ ಚೇತಕ್ ಬದಲು ನೇವಿಗೆ ಕೊಟ್ರೆ?" ಅಂದೆ.

"ಅದಕ್ಕೆ ಒಂದೇ ಇಂಜಿನ್."

"ಚೇತಕ್‌ಗೂ ಒಂದೇ ತಾನೆ?"

"ಹಳೇದರ ಅಳತೆಗೇ ಹೊಸದು ಮಾಡ್ತಾರೇನ್ರೀ?" ಅಂದು ಡಬ್ಬದ ಕಡೆ ಒಂದ್ಸಲ ನೋಡಿದ್ರು. ಸಮುದ್ರದ ಮೇಲೆ ಎರಡು ಇಂಜಿನ್ ಬೇಕಂತೆ, ಬ್ಲೇಡ್ ಮಡಚಿ ಹಡಗಿನ ಚಿಕ್ಕ ಹ್ಯಾಂಗರಿಗೆ ತೂರಬೇಕಂತೆ. ನೇವಿಯ ದೊಡ್ಡ ಹೆಲಿಕಾಪ್ಟರ್ ಸೀ ಕಿಂಗ್ ಜಾಗಕ್ಕೆ 2020ರಲ್ಲಿ ಅಮೆರಿಕದ ಎಂಎಚ್-60ಆರ್ 24 ಆರ್ಡರ್ ಆದ್ವು. ಚೇತಕ್ ಜಾಗಕ್ಕೆ 111 ಬೇಕು ಅಂತ 2018ರಲ್ಲೇ ಒಪ್ಪಿಗೆ ಸಿಕ್ಕಿತ್ತು, 21,000 ಕೋಟಿಗೂ ಮೇಲಿನ ಲೆಕ್ಕ. "ಅವು ಬರೋ ತನಕ ಇಂಥ ಬುಶ್ ಬೇಕೇ ಬೇಕು, ನೆಟ್ಟಗೆ ಮಾಡಿ."

ಭಾನುವಾರ ಕೂತು 20 ಬುಶ್ ಮತ್ತೆ ಹೊಡೆದೆ, ಓಟಿ ಇಲ್ಲದೆ. ಕ್ಲೀನ್ ಡ್ರಾಯಿಂಗ್ ಕಳಿಸಿ ಅಂತ ಮೇಲ್ ಹಾಕಿದ್ದೆ. ಅದೇ ಜೆರಾಕ್ಸನ್ನ ಕಲರ್ ಸ್ಕ್ಯಾನ್ ಮಾಡಿ ಕಳಿಸಿದ್ದಾರೆ.