ಕಿಟಕಿ ಎಷ್ಟಿವೆ?

ಕೊರೊನಾ ಲಾಕ್‌ಡೌನಿನಲ್ಲಿ ಮುಚ್ಚಿದ್ದ ಹೋಟೆಲುಗಳು ಕರ್ನಾಟಕದಲ್ಲಿ ಮತ್ತೆ ತೆರೆದದ್ದು 2020ರ ಜೂನ್ 8ರಂದು. ಮನೆಯಿಂದ ಹೊರಗೆ ರಾತ್ರಿ ತಂಗುವ ಧೈರ್ಯ ನಮಗೆ ಬಂದದ್ದು ಮರುವರ್ಷದ ಜನವರಿಯಲ್ಲಿ, ಲಸಿಕೆ ಶುರುವಾದ ಸುದ್ದಿ ಬಂದ ಮೇಲೆ.

ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಮಡಿಕೇರಿ. ದಾರಿಯುದ್ದಕ್ಕೂ ಅಮ್ಮ ಫ್ಲಾಸ್ಕಿನ ಕಾಫಿ ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಆಗ ಹೋಟೆಲುಗಳ ಜಾಹೀರಾತಿನ ತುಂಬ ಸ್ಯಾನಿಟೈಸರಿನದೇ ಮಾತು. ಸೂಟ್‌ಕೇಸಿಗೆ ಔಷಧಿ ಸಿಂಪಡಿಸುವುದು, ಟೀವಿ ರಿಮೋಟಿಗೆ ಪ್ಲಾಸ್ಟಿಕ್ ಸುತ್ತುವುದು. ಅಮ್ಮ ಮಾತ್ರ ಹೋಂಸ್ಟೇಗೆ ಫೋನ್ ಮಾಡಿ ಕೇಳಿದ್ದು ಒಂದೇ: "ರೂಮಿಗೆ ಕಿಟಕಿ ಎಷ್ಟಿವೆ? ಪೂರ್ತಿ ತೆಗೆಯೋಕೆ ಬರುತ್ತಾ?" ಈ ಸೋಂಕು ವಸ್ತು ಮುಟ್ಟಿ ಹರಡುವುದು ಅಪರೂಪ, ಗಾಳಿಯಾಡದ ಕೋಣೆಯೇ ಹೆಚ್ಚು ಅಪಾಯ ಎಂದು ತಜ್ಞರು ಒತ್ತಿ ಹೇಳಿದ್ದು ಆಮೇಲೆ.

ಹೋಂಸ್ಟೇ ಇದ್ದದ್ದು ಮಡಿಕೇರಿ ಹತ್ತಿರದ ಮಕ್ಕಂದೂರಿನ ಕಡೆ. ಕಣದಲ್ಲಿ ಕಾಫಿ ಹಣ್ಣು ಹರವಿದ್ದರು. ಮನೆಯೊಡತಿ ದೂರದಿಂದಲೇ ಕೈಮುಗಿದು, ಬೀಗದ ಕೈಯನ್ನು ಜಗಲಿಯ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದರು. ಹೆದರಿದವರು ನಾವಷ್ಟೇ ಅಲ್ಲ ಎಂದು ಗೊತ್ತಾಗಿ, ನಿಜ ಹೇಳಬೇಕೆಂದರೆ, ಸಮಾಧಾನವೇ ಆಯಿತು.

"ಹೆದರಿಕೆ ಆಗಲ್ವಾ ಅಕ್ಕಾ, ಹೀಗೆ ಯಾರ್ಯಾರನ್ನೋ ಮನೆಗೆ ಸೇರಿಸ್ಕೊಳ್ಳೋಕೆ?" ಅಂದೆ.

"ಆಗದೆ ಏನು? 2018ರಲ್ಲಿ ಗುಡ್ಡ ಜರಿದು ತೋಟದ ಒಂದು ಮಗ್ಗುಲೇ ಹೋಯ್ತು. ಮಾರನೇ ವರ್ಷ ಮತ್ತೆ ಮಳೆ. ಹೋದ ಆಗಸ್ಟ್‌ನಲ್ಲಿ ತಲಕಾವೇರೀಲಿ ಬೆಟ್ಟ ಕುಸೀತು, ಅರ್ಚಕರ ಮನೆಯವರೇ ಮಣ್ಣಡಿ ಹೋದರು. ಈಗ ಇದು. ಪ್ರತಿ ಸಲಾನೂ ಮೊದಲು ಫೋನ್ ಮಾಡೋದು ಹಿಂದೆ ಬಂದು ಉಳಿದು ಹೋದವರೇ."

ಹೀಗೆ ಪೆಟ್ಟು ತಿಂದೂ ಮತ್ತೆ ಏಳುವುದನ್ನು ಮನಃಶಾಸ್ತ್ರದವರು ಮನೋಸ್ಥೈರ್ಯ ಅನ್ನುತ್ತಾರೆ. ನನಗೆ ಕಂಡ ಮಟ್ಟಿಗೆ ಅದು ಒಮ್ಮೆಗೇ ಬರುವಂಥದ್ದಲ್ಲ. ಮೊದಲ ರಾತ್ರಿ ಅಮ್ಮ ಆ ಚಳಿಯಲ್ಲೂ ಕಿಟಕಿಗಳನ್ನೆಲ್ಲ ತೆಗೆದಿಟ್ಟು ಎರಡು ಕಂಬಳಿ ಹೊದ್ದಳು. ಊಟ ಜಗಲಿಯಲ್ಲೇ, ತಂದಿದ್ದ ತಟ್ಟೆಯಲ್ಲೇ. ಬೆಳಿಗ್ಗೆ ಹೊರಗಿನ ಒಲೆಯ ಹಬೆಯಿಂದ ನೇರ ಇಳಿದ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ ಕಡುಬು, ಕಂಡು, "ಇಷ್ಟು ಬಿಸಿ ಇದ್ದರೆ ಏನೂ ಆಗಲ್ಲ" ಅಂತ ತಾನೇ ತೀರ್ಪು ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಆ ಅಕ್ಕನ ಜೊತೆ ಕಣದ ಅಂಚಿನಲ್ಲಿ ಕೂತು, ಇಬ್ಬರೂ ಮಾಸ್ಕಿನೊಳಗಿಂದಲೇ, ಅಕ್ಕಿ ತರಿ ಎಷ್ಟು ಸಣ್ಣಗಿರಬೇಕೆಂದು ವಾದಿಸುತ್ತಿದ್ದಳು.

ಹೊರಡುವಾಗ ಅಕ್ಟೋಬರ್‌ನ ತುಲಾ ಸಂಕ್ರಮಣಕ್ಕೆಂದು ಮುಂಗಡವನ್ನೂ ಕೊಟ್ಟಳು. ಏಪ್ರಿಲ್‌ನಲ್ಲಿ ಎರಡನೇ ಅಲೆ, ಮತ್ತೆ ಎಲ್ಲಕ್ಕೂ ಬೀಗ. ದುಡ್ಡು ವಾಪಸ್ ಕೇಳೋಣವಾ ಅಂದರೆ ಅಮ್ಮ ಬೈದಳು: "ಯಾಕೆ, ನಾವು ಹೋಗಲ್ವಾ?"