ಗೌರಿಹೂವನ್ನು ಬರೆಯಲು ಕಲಿತ ದಿನಗಳು

ನಮ್ಮ ಕಾಲೇಜಿನ ಸಸ್ಯಶಾಸ್ತ್ರ ಪ್ರಯೋಗಾಲಯದಲ್ಲಿ ಹೂವಿನ ಚಿತ್ರ ಬರೆಯುವುದಕ್ಕೆ ಒಂದು ಕಟ್ಟಳೆಯಿತ್ತು. ಪೆನ್ಸಿಲ್ಲು ರೆಕಾರ್ಡ್ ಪುಸ್ತಕವನ್ನು ಮುಟ್ಟುವ ಮೊದಲೇ ದಳಗಳನ್ನೂ ಕೇಸರಗಳನ್ನೂ ಎಣಿಸಿ, ಅಂಡಾಶಯವನ್ನು ಅಡ್ಡಲಾಗಿ ಕೊಯ್ದು, ಕೋಣೆಗಳೆಷ್ಟೆಂದು ಮಸೂರದಡಿ ನೋಡಿರಬೇಕಿತ್ತು. ನೆರಳಿಗಾಗಿ ಪೆನ್ಸಿಲ್ ಉಜ್ಜುವುದನ್ನು ಮೇಷ್ಟ್ರು ಒಪ್ಪುತ್ತಿರಲಿಲ್ಲ. ಬೇಕಾದಲ್ಲಿ ಚುಕ್ಕಿಗಳನ್ನಿಡಿ ಎನ್ನುತ್ತಿದ್ದರು.

ಗೌರಿಹಬ್ಬದ ಆಸುಪಾಸಿನಲ್ಲಿ ಶಿವಮೊಗ್ಗದ ಸುತ್ತಲಿನ ಬೇಲಿಗಳಲ್ಲಿ ಅರಳುವ ಗೌರಿಹೂವನ್ನು ಅವರು ತಪ್ಪದೆ ತರಗತಿಗೆ ತರುತ್ತಿದ್ದರು. ಹಿಂದಕ್ಕೆ ಮಡಚಿ ಮೇಲೆದ್ದ ಅದರ ಆರು ದಳಗಳ ಬಣ್ಣಕ್ಕೆ ಮನಸೋತವರು, ಅಂಡಾಶಯದ ಮೇಲಿನ ಕಡ್ಡಿಯಂಥ ಶಲಾಕೆಯು ಬುಡದಲ್ಲೇ ಹೆಚ್ಚುಕಡಿಮೆ ಲಂಬಕೋನದಲ್ಲಿ ಬಾಗಿ ಪಕ್ಕಕ್ಕೆ ಚಾಚಿರುವುದನ್ನಾಗಲಿ, ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುವುದನ್ನಾಗಲಿ ಗಮನಿಸುವುದು ಅಪರೂಪ. ಬರೆಯಲು ಕುಳಿತವರಿಗೆ ಅದನ್ನು ಗಮನಿಸದೆ ವಿಧಿಯಿಲ್ಲ. ಹಸಿರು ಹಳದಿಯಾಗಿ ಅರಳುವ ದಳ ದಿನ ಕಳೆದಂತೆ ಕೆಂಪೇರುತ್ತದೆ. ಕ್ಯಾಮೆರಾಕ್ಕೆ ಸಿಗುವುದು ಎದುರಿಗಿರುವ ಹೂವಿನ ಆ ಗಳಿಗೆ ಮಾತ್ರ. ಸಸ್ಯಚಿತ್ರಕಾರನಾದರೋ ಮೊಗ್ಗು, ಹೊಸ ಹೂ, ಕೆಂಪೇರಿದ ಹೂ, ಕಾಯಿ, ಕೊಯ್ದ ಅಂಡಾಶಯ ಇಷ್ಟನ್ನೂ ಒಂದೇ ಹಾಳೆಗೆ ತಂದು, ಹುಳು ತಿಂದ ಎಲೆಯನ್ನು ಉಳಿಸಬೇಕೋ ಬಿಡಬೇಕೋ ಎಂಬುದನ್ನೂ ತೀರ್ಮಾನಿಸುತ್ತಾನೆ. ಕಲೆ ಇರುವುದು ಆ ತೀರ್ಮಾನದಲ್ಲಿ ಎಂದು ನಾನು ನಂಬಿದ್ದೇನೆ.

1840ರ ದಶಕದ ಮಧ್ಯದಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಎಂಬ ವೈದ್ಯ ಇದೇ ಶಿವಮೊಗ್ಗದಲ್ಲಿದ್ದು, ದಿನಕ್ಕೊಂದು ಗಿಡದಂತೆ ಭಾರತೀಯ ಚಿತ್ರಕಾರನಿಂದ ಬರೆಸುತ್ತಿದ್ದನೆಂದು ಮೇಷ್ಟ್ರು ಹೇಳಿದಾಗ ನಾವು ಬೆರಗಾಗಿದ್ದೆವು. ಅವನ ಸಂಗ್ರಹ ಈಗ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿದೆ. ನಮ್ಮ ಬೇಲಿ, ನಮ್ಮ ಕಾಡುಗಳ ಗಿಡಗಳನ್ನು ಅಷ್ಟು ಹಿಂದೆಯೇ ಒಬ್ಬರು ಅಷ್ಟು ಶ್ರದ್ಧೆಯಿಂದ ನೋಡಿದ್ದರೆಂಬುದು ನನ್ನ ಊರಿನ ಬಗೆಗಿನ ನನ್ನ ಭಾವನೆಯನ್ನೇ ಬದಲಿಸಿತು.

ಅದೇ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್‌ಗಾಗಿ ರಂಗಯ್ಯ ಮತ್ತು ಗೋವಿಂದು ಎಂಬ ಕಲಾವಿದರು ಬರೆಯುತ್ತಿದ್ದರು. ಇಂಥ ಚಿತ್ರಗಳ ಕೀರ್ತಿಯೆಲ್ಲ ಬರೆಸಿದವರ ಪಾಲಾದದ್ದೇ ಹೆಚ್ಚು, ಅದು ನ್ಯಾಯವಲ್ಲ. ವೈಟ್ ಮಾತ್ರ ಆರ್ಕಿಡ್‌ಗಳ ಒಂದು ಕುಲಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟ. ಮುಂದೆ ಆ ಕುಲವನ್ನು ಟ್ರೋಪಿಡಿಯಾ ಎಂಬ ಇನ್ನೊಂದು ಕುಲದೊಳಗೆ ಸೇರಿಸಿದ್ದರಿಂದ ಹೆಸರು ಬಳಕೆ ತಪ್ಪಿತು. ಆದರೆ ವೈಟ್ 1838ರಿಂದ 1853ರವರೆಗೆ ಪ್ರಕಟಿಸಿದ ಆ ಚಿತ್ರಗಳನ್ನು ದಕ್ಷಿಣ ಭಾರತದ ಸಸ್ಯಗಳನ್ನು ಗುರುತಿಸುವವರು ಇಂದಿಗೂ ತೆರೆದು ನೋಡುತ್ತಾರೆ.